ಅಂಜಿಕೆ ಕಲಿತ ಮುಕಾದಮರು

ನಾನು ಅವರನ್ನು ಮೊದಲ ಸಲ ನೋಡಿದಾಗ ಅವರಿಗೆ ತಲೆ ಇರಲಿಲ್ಲ. ಒಣಗಿದ ನೆಲದ ಮೇಲೆ ಒಬ್ಬ ದೊಡ್ಡ ಆಳು ಬೋರಲು ಮಲಗಿದ್ದ. ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದ ಧೋತರ, ಬೆವರಿಗೆ ಬೆನ್ನಿಗಂಟಿದ ಅಂಗಿ, ಆಕಾಶಕ್ಕೆ ಮುಖ ಮಾಡಿದ ಎರಡು ಅಂಗಾಲು. ಆ ಅಂಗಾಲುಗಳು ಅಚ್ಚ ಹಳದಿ. ಭುಜದಿಂದ ಮುಂದೆ ಏನೂ ಇರಲಿಲ್ಲ. ನೆಲದಲ್ಲಿದ್ದ ಒಂದು ಕಪ್ಪು ತೂತಿನಲ್ಲಿ ದೇಹ ಮುಗಿದುಹೋಗಿತ್ತು. ನನಗೆ ಆಗ ಎಂಟೋ ಒಂಬತ್ತೋ ವರ್ಷ. ಅಪ್ಪನ ಕೈ ಬಿಡಿಸಿಕೊಂಡು ಓಡಿಹೋಗಿ ಚಕ್ಕಡಿಯ ಗಾಲಿಯ ಹಿಂದೆ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಆ ದೇಹ ಹಿಂದಕ್ಕೆ ಸರಿಯಿತು, ತೂತಿನಿಂದ ತಲೆ ಹೊರಗೆ ಬಂತು. ದಪ್ಪ ಮೀಸೆ, ಅಗಲವಾದ ಮೂಗು, ಧೂಳಿಗೆ ಕೆಂಪಾದ ಕಣ್ಣು. ಗಾಲಿಯ ಕಡ್ಡಿಗಳ ನಡುವಿನಿಂದ ಇಣುಕುತ್ತಿದ್ದ ನನ್ನನ್ನು ನೋಡಿ ಆ ಮುಖ ನಕ್ಕಿತು. ಆಮೇಲೆ ಅಪ್ಪನ ಕಡೆ ತಿರುಗಿ, "ಮಾಲು ಛಲೋ ಐತ್ರಿ ಸಾವಕಾರ್ರ. ಹವಾನೂ ಛಲೋ ಐತಿ. ಇಳೀತೀನಿ" ಎಂದಿತು.

ಅವರು ನಮ್ಮ ಪೇವಿನ ಮುಕಾದಮರು, ಆಳುಗಳ ತಂಡದ ಮುಖ್ಯಸ್ಥರು. ನಮ್ಮದು ಸಾಂಗಲಿ ಪೇಟೆಯಲ್ಲಿ ಅರಿಶಿನದ ಅಂಗಡಿ. ಅಜ್ಜನ ಕಾಲಕ್ಕೆ ಕನ್ನಡ ಸೀಮೆಯಿಂದ ಬಂದು ನೆಲೆಸಿದ ಮನೆತನ. ಹೊರಗೆ ಮರಾಠಿ, ಒಳಗೆ ಕನ್ನಡ, ದೇವರ ಮನೆಯಲ್ಲಿ ಲಿಂಗಪೂಜೆ. ಕೊಂಡ ಅರಿಶಿನವನ್ನೆಲ್ಲ ಅಂಗಡಿಯಲ್ಲಿ ಇಟ್ಟುಕೊಳ್ಳಲಾಗದು, ಹುಳ ಹಿಡಿಯುತ್ತದೆ. ಹೊಳೆಯ ದಂಡೆಯ ಹರಿಪುರದ ಮಾಳದಲ್ಲಿ ನೆಲದೊಳಗೆ ತುಂಬಿಡುತ್ತಿದ್ದೆವು. ನಮ್ಮ ಕನ್ನಡ ಸೀಮೆಯಲ್ಲಿ ಜೋಳ ತುಂಬುವ ಹಗೇವು ಇರುತ್ತದಲ್ಲ, ಅಂಥದ್ದೇ. ಅಲ್ಲಿ ಪೇವು ಎನ್ನುತ್ತಾರೆ. ಬಾಯಿ ಒಬ್ಬ ಮನುಷ್ಯ ತೂರುವಷ್ಟು, ಒಳಗೆ ಹೊಟ್ಟೆ ಒಂದು ಖೋಲಿಯಷ್ಟು. ಸುತ್ತಲೂ ಕಬ್ಬಿನ ಒಣಗರಿಯ ರವದಿ ಹಾಸಿ, ಅರಿಶಿನ ಸುರಿದು, ಬಾಯಿಗೆ ಹಾಸುಗಲ್ಲಿಟ್ಟು ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಅಪಾಯವಿದ್ದದ್ದು ಬಾಯಿ ತೆರೆದಾಗ. ಮುಚ್ಚಿದ ಪೇವಿನಲ್ಲಿ, ಅದರಲ್ಲೂ ತೇವ ಸೇರಿದ್ದರೆ, ಒಮ್ಮೊಮ್ಮೆ ಕೆಟ್ಟ ಹವಾ ತುಂಬಿರುತ್ತದೆ. ಇಳಿದವನು ಮತ್ತೆ ಹತ್ತುವುದಿಲ್ಲ. ಆದ್ದರಿಂದ ಉಳಿದ ಮುಕಾದಮರು ಕಲ್ಲು ಸರಿಸಿ ಒಂದು ಹಗಲು ಒಂದು ರಾತ್ರಿ ಹಾಗೇ ಬಿಡುತ್ತಿದ್ದರು. ಮರುದಿನ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ, ದೀಪ ಉಳಿದರೆ ಮಾತ್ರ ಮನುಷ್ಯನನ್ನು ಇಳಿಸುತ್ತಿದ್ದರು.

ನಮ್ಮ ಮುಕಾದಮರು ಹಾಗೆ ಮಾಡುತ್ತಿರಲಿಲ್ಲ. ಕಲ್ಲು ಸರಿಸಿ, ಒಂದು ಎಲೆ ಅಡಕೆ ಮುಗಿಯುವಷ್ಟು ಹೊತ್ತು ಕಾದು, ಬೋರಲು ಮಲಗಿ ಪೇವಿನೊಳಗೆ ತಲೆ ಹಾಕಿ ಮೂಸುತ್ತಿದ್ದರು. ಅವರ ಅಪ್ಪನೂ ಹಾಗೆಯೇ ಮಾಡುತ್ತಿದ್ದನಂತೆ. "ಹಗ್ಗ ಎಮ್ಮಿಗೆ, ದೀಪ ದೇವರಿಗೆ, ನನಗ ಮೂಗು" ಎನ್ನುವುದು ಅವರ ಮಾತು. ಮಾಳದ ತುಂಬ ಆ ಮಾತು ಪ್ರಸಿದ್ಧವಾಗಿತ್ತು. ಬೇರೆ ತಂಡ ಕಂದೀಲು ಹಚ್ಚುವುದು ಕಂಡರೆ ಅವರು ಕೂಗಿ ಕೇಳುತ್ತಿದ್ದರು, "ಯಾಕ್ರಪ್ಪಾ, ಒಳಗ ಯಾರದರೆ ಲಗ್ನ ಐತೇನು?" ಪೇಟೆಯ ವ್ಯಾಪಾರಿಗಳಿಗೆ ಅವರೇ ಬೇಕಾಗಿದ್ದರು. ಬೇರೆಯವರು ಎರಡು ದಿನಕ್ಕೆ ಮಾಡುವ ಕೆಲಸವನ್ನು ಅವರ ತಂಡ ಒಂದು ಮಧ್ಯಾಹ್ನದೊಳಗೆ ಮುಗಿಸಿ ಚಕ್ಕಡಿ ಹೊಡೆಸಿಬಿಡುತ್ತಿತ್ತು.

ಮುಕಾದಮರು ಹೊಳೆಯಾಚೆಯ ಸಮಡೋಳಿಯವರು, ಜೈನರು. ದಿನಾ ಬೆಳಿಗ್ಗೆ ಹೊಳೆ ದಾಟಿ ಬರುತ್ತಿದ್ದರು. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು, ಎಷ್ಟು ಬಾಯಾರಿದರೂ ನೀರು ಸೋಸದೆ ಕುಡಿಯಬಾರದು. ಹೆಗಲ ಮೇಲಿನ ಬಿಳಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಚೆರಿಗೆಯ ಬಾಯಿಗೆ ಹಿಡಿದು ಸೋಸುತ್ತಿದ್ದರು. ಸೋಸಿದ ಮೇಲೆ ಆ ಬಟ್ಟೆಯನ್ನು ನೀರು ತಂದ ಹೊಳೆಯಲ್ಲೇ ಜಾಲಿಸುತ್ತಿದ್ದರು, ಅದಕ್ಕೆ ಅಂಟಿದ ಜೀವ ಸಾಯಬಾರದೆಂದು. ಪೇವಿನ ಬಾಯಿಯ ಹತ್ತಿರ ಇರುವೆ ಸಾಲು ಕಂಡರೆ ಆಳುಗಳನ್ನು ನಿಲ್ಲಿಸಿ, "ತಡೀರಿ, ಅವು ಹೋಗ್ಲಿ" ಎನ್ನುತ್ತಿದ್ದರು. ಚಕ್ಕಡಿ ನಿಂತೇ ಇರಬೇಕಾಗುತ್ತಿತ್ತು.

ಅವರ ಹಟ ಪೇವಿಗಷ್ಟೇ ಅಲ್ಲ. ಒಮ್ಮೆ ದವಡೆ ಹಲ್ಲು ನೋಯುತ್ತಿತ್ತು. ಮಿರಜಿಗೆ ಹೋಗಿ ಡಾಕ್ಟರರ ಹತ್ತಿರ ಕೀಳಿಸಿಕೊಳ್ಳಿ ಎಂದು ಅಪ್ಪ ಹೇಳಿದರು. "ಹಲ್ಲ ನಂದು, ಬ್ಯಾನಿ ನಂದು. ಡಾಕ್ಟರಗ ಯಾಕ?" ಎಂದು ಒಂದು ತಿಂಗಳು ಲವಂಗ ಕಚ್ಚಿಕೊಂಡು ತಿರುಗಿದರು. ಮುಖ ಕುಂಬಳಕಾಯಿಯಾಗಿತ್ತು. ಕೊನೆಗೆ ಹಲ್ಲು ತಾನಾಗಿ ಬಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಅಂಗಡಿಗೆ ಬಂದು, "ನೋಡ್ರಿ, ಹೇಳಿದ್ದೆನಿಲ್ಲ?" ಎಂದು ತೋರಿಸಿ ಹೋದರು. ಅವರು ಹೇಳಿದ್ದು ಸುಳ್ಳಾದದ್ದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ.

ನಾನು ಅಂಜುಬುರುಕ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಪೇವಿನ ಕಪ್ಪು ಬಾಯಿ ನನ್ನ ಕನಸಿಗೆ ಬರುತ್ತಿತ್ತು. ಕನಸಿನಲ್ಲಿ ನಾನು ಬೋರಲು ಮಲಗಿರುತ್ತಿದ್ದೆ, ತಲೆ ಒಳಗಿರುತ್ತಿತ್ತು, ಯಾರೋ ಮೇಲಿನಿಂದ ಹಾಸುಗಲ್ಲು ಎಳೆಯುತ್ತಿರುವ ಸದ್ದು ಕೇಳುತ್ತಿತ್ತು. ಹದಿನಾರರ ವಯಸ್ಸಿನಲ್ಲಿ ಅಪ್ಪ ಒಮ್ಮೆ, ವ್ಯಾಪಾರ ಮಾಡುವವನು ಮಾಲು ಇರುವ ಜಾಗ ನೋಡಿರಬೇಕು, ಇಳಿ ಎಂದರು. ಬಾಯಿಯ ಅಂಚಿಗೆ ಕುಳಿತು ಕಾಲು ಒಳಗೆ ಬಿಟ್ಟೆ. ಪಾದಕ್ಕೆ ಬೆಚ್ಚನೆಯ, ಯಾರೋ ಉಸಿರು ಬಿಟ್ಟಂಥ ಹವಾ ತಾಗಿತು. ಕಾಲು ಎಳೆದುಕೊಂಡು ಎದ್ದು ಹೊಳೆಯ ಕಡೆಗೆ ಓಡಿದೆ. ಬೆನ್ನ ಹಿಂದೆ ಮುಕಾದಮರ ನಗು ಕೇಳಿಸಿತು. "ಸಣ್ಣ ಸಾವಕಾರ್ರ, ಪೇವು ನಿಮ್ಮನ್ನ ತಿನ್ನಂಗಿಲ್ರಿ. ಮೈಯಾಗ ಏನೈತಿ ತಿನ್ನಾಕ?" ಆ ನಗುವಿನಲ್ಲಿ ವಿಷವಿರಲಿಲ್ಲ. ಆದರೂ ಅದು ನನ್ನೊಳಗೆ ಉಳಿಯಿತು. ಮುಂದೆ ಐದು ವರ್ಷ ನಾನು ಪೇವಿಗೆ ಎಷ್ಟು ಅಂಜಿದೆನೋ, ಆ ನಗುವಿಗೆ ಅದಕ್ಕಿಂತ ಹೆಚ್ಚು ಅಂಜಿದೆ. ಮುಂದೆ ಆದದ್ದಕ್ಕೆ ಇದೂ ಒಂದು ಕಾರಣ.

ನನಗೆ ಇಪ್ಪತ್ತೊಂದಾದಾಗ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಅಂಗಡಿ ನನ್ನ ಕೊರಳಿಗೆ ಬಿತ್ತು. ಆ ಮಳೆಗಾಲದಲ್ಲಿ ಕೃಷ್ಣೆ ದಂಡೆ ಮೀರಿ ಹರಿಪುರದ ಮಾಳದ ಅಂಚಿನವರೆಗೆ ಬಂದು ಇಳಿದಿದ್ದಳು. ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ನಮ್ಮ ಹಳೆಯ ಪೇವೊಂದನ್ನು ತೆರೆಯಬೇಕಾಯಿತು. ಹಿಂದಿನ ವರ್ಷ ಅರ್ಧ ತೆಗೆದು ಮತ್ತೆ ಮುಚ್ಚಿದ ಪೇವು ಅದು. ಎರಡು ಚಕ್ಕಡಿ ಕಟ್ಟಿಸಿಕೊಂಡು ಹೋಗಿದ್ದೆ. ಮುಕಾದಮರು, ಅವರ ತಮ್ಮ, ಇನ್ನು ನಾಲ್ಕು ಆಳು.

ಆ ತಮ್ಮನ ವಿಷಯ ಹೇಳಬೇಕು. ಅಣ್ಣನ ಅರ್ಧದಷ್ಟು ಮೈ, ಮೂವತ್ತರ ಹತ್ತಿರದ ವಯಸ್ಸು. ಕೆಲಸ ಮಾಡುವಾಗ ಬಾಯಿ ಮುಚ್ಚಿಕೊಂಡೇ ಏನಾದರೊಂದು ಗುನುಗುತ್ತಿದ್ದ. ಶೇಂಗಾ ಹುರಿದು ಧೋತರದ ಚುಂಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದ, ಎಲ್ಲರಿಗೂ ಹಂಚುತ್ತಿದ್ದ. ನಾನು ಹೊಳೆಗೆ ಓಡಿಹೋದ ದಿನ ಹಿಂದಿನಿಂದ ಬಂದು ನನ್ನ ಪಕ್ಕ ಕುಳಿತು ಒಂದು ಹಿಡಿ ಶೇಂಗಾ ಕೊಟ್ಟವನು ಅವನೇ.

ಕಲ್ಲು ಸರಿಸಿದರು. ಮುಕಾದಮರು ಎಲೆ ಅಡಕೆ ಮುಗಿಸಿ, ಬೋರಲು ಮಲಗಿ ತಲೆ ಒಳಗೆ ಹಾಕಿದರು. ಎದ್ದು ಮೀಸೆ ಒರೆಸಿಕೊಂಡು, "ಅರಿಷಿಣದ ವಾಸನಿ ಬಿಟ್ರ ಏನೂ ಇಲ್ಲ. ಛಲೋ ಐತಿ" ಎಂದರು.

ಪೇವಿನ ಬಾಯಿಯ ಮಣ್ಣು ಮುಟ್ಟಿ ನೋಡಿದೆ, ತೇವವಿತ್ತು. ಎದೆ ಹೊಡೆದುಕೊಳ್ಳತೊಡಗಿತು. "ಕಾಕಾ, ಈ ವರ್ಷ ನೀರು ಬಂದಿತ್ತು. ಕಂದೀಲು ಇಳಿಸಿ ನೋಡೂಣೇನ್ರಿ?" ಎಂದೆ.

"ಏನಂದ್ರಿ?"

ಅವರಿಗೆ ನಿಜವಾಗಿ ಕೇಳಿಸಿರಲಿಲ್ಲ. ನಾನು ಅಷ್ಟು ಸಣ್ಣಗೆ ಹೇಳಿದ್ದೆ. "ಏನಿಲ್ಲ... ಕಂದೀಲು ಅಂದೆ."

ಮುಕಾದಮರು ಆಳುಗಳ ಕಡೆ ನೋಡಿದರು. "ಸಣ್ಣ ಸಾವಕಾರ್ರು ದೀಪಾವಳಿ ಇನ್ನೂ ಮುಗಿಸಿಲ್ಲ ನೋಡ್ರೆಪ್ಪಾ" ಎಂದರು. ಎಲ್ಲರೂ ನಕ್ಕರು. ಅವರ ತಮ್ಮನೂ ನಕ್ಕ. ನಾನೂ ನಕ್ಕೆ.

ತಮ್ಮ ಇಳಿದ. ಸೊಂಟಕ್ಕೆ ಹಗ್ಗವಿಲ್ಲ, ಬಾಯಿಯಿಂದ ಇಳಿಬಿಟ್ಟ ಹಗ್ಗವನ್ನು ಕೈಯಲ್ಲಿ ಹಿಡಿದು ಜಾರಿದ. ಒಳಗಿನಿಂದ ಅವನ ಗುನುಗು ಸ್ವಲ್ಪ ಕೇಳಿಸಿತು. ಆಮೇಲೆ, "ಅಣ್ಣಾ, ಇಲ್ಲಿ ಬೆಚ್ಚಗ ಐತಿ" ಎಂದ. ಗುನುಗು ನಿಂತಿತು. ಬಗ್ಗಿ ನೋಡಿದರೆ ಅರಿಶಿನದ ರಾಶಿಯ ಮೇಲೆ ಕುಳಿತಿದ್ದ, ದಣಿದವರು ಕುಳಿತ ಹಾಗೆ. "ಯಾಕೋ, ಕುಂತಿ?" ಎಂದು ಮುಕಾದಮರು ಕೇಳಿದರು. ಅವನು ಮೇಲೆ ನೋಡಲಿಲ್ಲ. ನಿಧಾನವಾಗಿ ಒಂದು ಮಗ್ಗುಲಿಗೆ ವಾಲಿ ಮಲಗಿಬಿಟ್ಟ.

ಆಮೇಲೆ ಮುಕಾದಮರು ತಮ್ಮನ ಹೆಸರು ಹಿಡಿದು ಕೂಗುತ್ತ ಬಾಯಿಗೆ ಕಾಲು ಹಾಕಿದರು. ನಾನು ಹಿಂದಿನಿಂದ ಅವರ ಸೊಂಟ ಹಿಡಿದುಕೊಂಡೆ. ಧೈರ್ಯದಿಂದ ಹಿಡಿದೆ ಎಂದು ಮುಂದೆ ಪೇಟೆಯಲ್ಲಿ ಜನ ಹೇಳಿದರು. ಅದು ಸುಳ್ಳು. ನೀರಿನಲ್ಲಿ ಮುಳುಗುವವನು ಸಿಕ್ಕಿದ್ದನ್ನು ಹಿಡಿದ ಹಾಗೆ ಹಿಡಿದಿದ್ದೆ. ಅವರ ಮೊಣಕೈ ನನ್ನ ಬಾಯಿಗೆ ಬಡಿಯಿತು, ತುಟಿ ಒಡೆಯಿತು. "ಬಿಡ್ರಿ, ನನ್ನ ತಮ್ಮ ಅದಾನ" ಎಂದು ಒದ್ದಾಡಿದರು. ಆಳುಗಳು ಬಂದು ನನ್ನ ಜೊತೆ ಹಿಡಿದರು. ಅಷ್ಟರಲ್ಲಿ ಚಕ್ಕಡಿ ಹೊಡೆಯುವ ಮುದುಕ ನೊಗದ ಕೆಳಗಿನ ಕಂದೀಲು ಬಿಚ್ಚಿ, ಹಚ್ಚಿ, ಹಗ್ಗಕ್ಕೆ ಕಟ್ಟಿ ಇಳಿಸಿದ. ಒಂದು ಆಳುದ್ದ ಇಳಿಯಿತೋ ಇಲ್ಲವೋ, ದೀಪ ಹೋಯಿತು. ಅಲುಗಾಡಲಿಲ್ಲ, ಸಣ್ಣದಾಗಲಿಲ್ಲ. ಯಾರೋ ಒಳಗಿನಿಂದ ಎರಡು ಬೆರಳಲ್ಲಿ ಚಿವುಟಿ ಆರಿಸಿದಂತೆ ಹೋಯಿತು.

ಮುಕಾದಮರು ಅದನ್ನು ನೋಡಿದರು. ನನ್ನ ತೋಳುಗಳೊಳಗೆ ಆ ದೊಡ್ಡ ದೇಹ ಸಡಿಲಾಯಿತು. ಹಿಡಿದದ್ದನ್ನು ಬಿಟ್ಟರೂ ಅವರು ಅಲುಗಾಡಲಿಲ್ಲ.

ಕಂಬಳಿಯನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಎಳೆದೆವು. ಮೊರದಿಂದ ಬೀಸಿದೆವು. ಕೊಕ್ಕೆ ಬಿಟ್ಟು ಅವನ ಅಂಗಿ ಹಿಡಿಯಲು ನೋಡಿದೆವು, ಅಂಗಿ ಹರಿಯಿತು. ಕಂದೀಲು ಇನ್ನೊಮ್ಮೆ ಇಳಿಸಿದರೆ ಇನ್ನೊಮ್ಮೆ ಆರಿತು. ಮೂರನೆಯ ಸಲ ಮಂಕಾಗಿ ಉಳಿಯಿತು. ಮುಕಾದಮರು ಯಾರಿಗೂ ಹೇಳದೆ ತಾವೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡರು. ಗಂಟು ಸರಿಯಾಗಿದೆಯೇ ಎಂದು ನನಗೆ ತೋರಿಸಿದರು. ಇಳಿದು ತಮ್ಮನನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಜೀವ ಹೋಗಿತ್ತು. ಮುಖ ಕೆಟ್ಟಿರಲಿಲ್ಲ, ಕೆನ್ನೆಗೆ ಹಳದಿ ಪುಡಿ ಹತ್ತಿತ್ತು. ಅವನನ್ನು ಮಲಗಿಸುವಾಗ ಧೋತರದ ಚುಂಗು ಬಿಚ್ಚಿ ಶೇಂಗಾ ನೆಲದ ಮೇಲೆ ಹರಡಿದವು.

ಸಾಂಗಲಿ ಸಂಸ್ಥಾನದ ಫೌಜದಾರರು ಬಂದು ಮರಾಠಿಯಲ್ಲಿ ಕೇಳಿದರು. ಮುಕಾದಮರು ನೆಲ ನೋಡುತ್ತ, ಆಯುಷ್ಯ ಮುಗಿದಿತ್ತು, ನಾನು ಮೂಸಿ ನೋಡಿಯೇ ಇಳಿಸಿದ್ದು, ತಪ್ಪೇನೂ ಆಗಿಲ್ಲ ಎಂದರು. ಫೌಜದಾರರು ನನ್ನನ್ನೂ ಕೇಳಿದರು. ಒಡೆದ ತುಟಿಯನ್ನು ಒರೆಸಿಕೊಂಡು ನಾನೂ ತಲೆಯಾಡಿಸಿದೆ. ಕಂದೀಲಿನ ಮಾತು ಆಡಿದ್ದೆನೆಂದು ಹೇಳಲಿಲ್ಲ. ಹೇಳಿದರೆ, ಮತ್ತೆ ಯಾಕೆ ಗಟ್ಟಿಯಾಗಿ ಹೇಳಲಿಲ್ಲ ಎಂದು ಕೇಳುತ್ತಾರೆಂಬ ಹೆದರಿಕೆ.

ಆಮೇಲಿನ ನಾಲ್ಕು ತಿಂಗಳು ಅವರು ಹೊಳೆ ದಾಟಿ ಬರಲಿಲ್ಲ. ನಾನು ಪೇವಿನ ಕಡೆ ಹೋಗಲಿಲ್ಲ. ಊಟ ಸೇರುತ್ತಿರಲಿಲ್ಲ. ಅಂಗಡಿಯಲ್ಲಿ ಯಾರಾದರೂ ಗುನುಗಿದರೆ ಎದ್ದು ಹೊರಗೆ ಹೋಗುತ್ತಿದ್ದೆ. ಅವ್ವ ನನ್ನ ಹಣೆಗೆ ವಿಭೂತಿ ಹಚ್ಚಿ ಹಚ್ಚಿ ಸೋತಳು. ಮಾತು ಹೋದ ಅಪ್ಪ ಹಾಸಿಗೆಯಿಂದ ನನ್ನನ್ನು ನೋಡುತ್ತಿದ್ದರು. ಅವರಿಗೆ ಎಲ್ಲ ಗೊತ್ತಾಗಿದೆ ಎನಿಸಿ ಆ ಖೋಲಿಗೆ ಹೋಗುವುದನ್ನು ಕಡಿಮೆ ಮಾಡಿದೆ. ಸಮಡೋಳಿಯಿಂದ ಬಂದವರು ಹೇಳುತ್ತಿದ್ದ ಮಾತು ಒಂದೇ: ಮುಕಾದಮರು ಹಟ ಬಿಟ್ಟಿಲ್ಲ. ಕೇಳಿದವರಿಗೆಲ್ಲ "ಆಯುಷ್ಯ" ಎನ್ನುತ್ತಾರೆ, ಎರಡನೆಯ ಮಾತು ಆಡಿದರೆ ಎದ್ದು ಹೋಗುತ್ತಾರೆ.

ಯುಗಾದಿ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಅಂಗಡಿಗೆ ಬಂದರು. ಗುರುತೇ ಸಿಗಲಿಲ್ಲ. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಯಾವಾಗಲೂ ಗಾದಿಯ ಅಂಚಿಗೆ ಕುಳಿತುಕೊಳ್ಳುತ್ತಿದ್ದವರು ಅಂದು ಕೆಳಗೆ ಚೀಲದ ಮೇಲೆ ಕುಳಿತರು. "ಮ್ಯಾಲೆ ಬರ್ರಿ ಕಾಕಾ" ಎಂದರೆ ಬರಲಿಲ್ಲ. ಕೈ ನೋಡಿಕೊಳ್ಳುತ್ತ ಹೇಳಿದರು:

"ನಿನ್ನಿ ಅಂಗಳದಾಗ ಇರಿವಿ ಸಾಲ ಹೊಂಟಿತ್ತು. ತಮ್ಮನ ಮಗಳು ಓಡಿ ಬರಾಕತ್ತಿದ್ಳು. ನಾ ತಡಿ, ಇರಿವಿ ಅದಾವು, ನಿಂದ್ರು ಅಂದೆ. ಒಳಗ ಅಕ್ಕಿ ಆರಿಸ್ಕೋತ ತಮ್ಮನ ಹೆಂಡ್ತಿ ಕುಂತಿದ್ಳು. ನಾಕು ತಿಂಗಳು ನನ್ನ ಜೋಡಿ ಮಾತಾಡಿದಾಕಿ ಅಲ್ಲ. ತಲಿ ಎತ್ತಲಾರದ ಅಂದ್ಳು, 'ಇರಿವಿಗೆ ನಿಂದ್ರತೀರಿ, ಮಾವಾರ. ಅವರಿಗೆ ಒಂದು ದೀಪ ಹಚ್ಚೂತನಕಾ ನಿಂದರ್ಲಿಲ್ಲ.'"

ಬೀದಿಯಲ್ಲಿ ಟಾಂಗಾ ಹೋದ ಸದ್ದು ಮುಗಿಯುವವರೆಗೆ ಕಾದು ಮತ್ತೆ ಹೇಳಿದರು:

"ಖರೇ ಹೇಳ್ತೀನಿ, ಮೂಗಿಗೆ ಏನೂ ಹತ್ತಿದ್ದಿಲ್ಲ. ಆ ಹವಾಕ್ಕ ವಾಸನಿನ ಇರಂಗಿಲ್ಲಂತ. ಕಸಬೆ ಡಿಗ್ರಜ ಊರಿನ ಒಬ್ಬ ಮುದುಕ ಹೇಳಿದ. ಅಂದ್ರ ಇಷ್ಟು ವರ್ಷ ನಾ ಏನ್ ಮೂಸಿದೆ? ನಮ್ಮಪ್ಪ ಏನ್ ಮೂಸಿದಾ? ಸುಮ್ಮ ದೈವ ಛಲೋ ಇತ್ತು, ನಾವು ಮೂಗು ಛಲೋ ಐತಿ ಅಂದ್ವಿ."

ಆಗ ಅವರು ನನ್ನ ಮುಖ ನೋಡಿ ಕೇಳಿದ ಮಾತನ್ನು ನಾನು ಸಾಯುವವರೆಗೂ ಮರೆಯಲಾರೆ.

"ಸಣ್ಣ ಸಾವಕಾರ್ರ, ನನಗ ಈಗ ಅಂಜಿಕಿ ಆಗೇತಿ. ಪೇವಿನ ಕಲ್ಲ ನೆನಸಿದ್ರ ಸಾಕು, ಕಾಲು ನಡಗತಾವು. ಮೊದಲ ಎಂದೂ ಹಿಂಗ ಆಗಿಲ್ಲ, ನನಗ ಇದು ರೂಢಿ ಇಲ್ಲ. ನೀವು ಸಣ್ಣವರಿದ್ದಾಗಿಂದ ಅಂಜಿದವರು. ಅಂಜಿಕೋತ ಹೆಂಗ ನಿಂದ್ರೂದು, ಅಷ್ಟು ಹೇಳಿಕೊಡ್ರಿ."

"ನಾ ಎಲ್ಲಿ ನಿಂತೀನ್ರಿ ಕಾಕಾ? ಓಡಿಹೋಗೀನಿ" ಎಂದೆ.

"ಓಡಿಹೋಗಿ ಮರುದಿನ ಮತ್ತ ಬರತಿದ್ರಿ. ನಾ ನೋಡೀನಿ."

ಅದು ನಿಜ. ನಾನು ಹಾಗೆ ಯೋಚಿಸಿರಲಿಲ್ಲ. "ಹಂಗಾದ್ರ ನಾಳೆ ಇಬ್ಬರೂ ಹೋಗೂಣು" ಎಂದೆ. ಅವರು ಒಳಗೆ ಹೋಗಿ ಅಪ್ಪನ ಹಾಸಿಗೆಯ ಪಕ್ಕ ಸ್ವಲ್ಪ ಹೊತ್ತು ಕುಳಿತು ಬಂದರು. ಒಳಗೆ ಏನು ಮಾತಾಡಿದರೋ ತಿಳಿಯದು. ಅಪ್ಪನ ಕಣ್ಣು ಒದ್ದೆಯಾಗಿತ್ತೆಂದು ಅವ್ವ ಹೇಳಿದಳು.

ಮರುದಿನ ನಾವಿಬ್ಬರೂ ಅದೇ ಪೇವಿನ ಬಾಯಿಯಲ್ಲಿ ನಿಂತೆವು. ನಾಲ್ಕು ತಿಂಗಳಿನಿಂದ ಯಾರೂ ಮುಟ್ಟಿರಲಿಲ್ಲ. ಹಳೆಯ ಆಳುಗಳು ದೂರ ನಿಂತಿದ್ದರು. ಮುಕಾದಮರ ಕಾಲು ನಿಜವಾಗಿ ನಡುಗುತ್ತಿತ್ತು, ಧೋತರದ ಅಂಚು ಅಲುಗುವುದು ಕಾಣುತ್ತಿತ್ತು. ಅದನ್ನು ಮುಚ್ಚಿಕೊಳ್ಳಲು ಅವರು ನೋಡಲಿಲ್ಲ. ಆಳುಗಳನ್ನು ಹತ್ತಿರ ಕರೆದು ಹೇಳಿದರು: "ನನ್ನ ತಮ್ಮ ಆಯುಷ್ಯ ಮುಗದು ಸತ್ತಿಲ್ಲ. ನನ್ನ ಹಟಕ್ಕ ಸತ್ತಾನ. ಫೌಜದಾರರ ಮುಂದ ಸುಳ್ಳ ಹೇಳೀನಿ. ಇನ್ನ ಕಲ್ಲ ಸರಿಸಿದ ದಿನ ಯಾರೂ ಇಳಿಯಾಂಗಿಲ್ಲ. ಮರುದಿನ ಕಂದೀಲು ಮೂರು ಸಲ ಇಳಿಯತೈತಿ. ಹಗ್ಗ ನಾ ಕಟ್ಟತೀನಿ. ಬ್ಯಾಡ ಅನ್ನವರು ಬ್ಯಾರೇ ತಂಡಕ್ಕ ಹೋಗ್ರಿ." ಒಬ್ಬ ಹೋದ. ಮೂವರು ಉಳಿದರು.

ಇದನ್ನು ಹೇಳಿದಷ್ಟು ಸುಲಭವಾಗಿ ಅವರು ಬದಲಾದರೆಂದು ಯಾರೂ ತಿಳಿಯಬಾರದು. ಹಳೆಯ ಹಟ ಬೇರು ಕಿತ್ತ ಗಿಡದಂತೆ ಸುಮ್ಮನೆ ಒಣಗುವುದಿಲ್ಲ. ಎಷ್ಟೋ ಸಲ ಕಲ್ಲು ಸರಿಸಿದ ಕೂಡಲೇ ಅವರ ದೇಹ ತಾನಾಗಿ ಬಗ್ಗುತ್ತಿತ್ತು, ಬೋರಲು ಮಲಗಲು. ಅರ್ಧ ಬಗ್ಗಿ ನಿಂತು, ಎರಡು ಹೆಜ್ಜೆ ಹಿಂದೆ ಸರಿದು ಕುಳಿತುಬಿಡುತ್ತಿದ್ದರು. ಕೈಯಿಂದ ಮೂಗು ಒತ್ತಿ ಹಿಡಿದುಕೊಳ್ಳುತ್ತಿದ್ದರು. ಪೇಟೆಯಲ್ಲಿ ಅವರ ಬಗ್ಗೆ ಹಾಸ್ಯ ಹುಟ್ಟಿತು. "ಮುಕಾದಮರ ಪೇವು ತೆರೆದರೆ ಮಾಲು ಬರುವುದು ಮುಂದಿನ ಸಂತೆಗೆ" ಎನ್ನುತ್ತಿದ್ದರು. ಅವರನ್ನೇ ಬೇಕೆನ್ನುತ್ತಿದ್ದ ವ್ಯಾಪಾರಿಗಳು ಒಬ್ಬೊಬ್ಬರಾಗಿ ಬಿಟ್ಟರು. ಒಂದು ವರ್ಷ ನಮ್ಮದೂ ಇನ್ನೆರಡು ಅಂಗಡಿಯದೂ ಬಿಟ್ಟು ಅವರಿಗೆ ಕೆಲಸವಿರಲಿಲ್ಲ. "ಮುದುಕ ಹೆಂಗಸಾದ" ಎಂದು ಒಬ್ಬ ಅವರಿಗೆ ಕೇಳುವಂತೆಯೇ ಅಂದ. ನನ್ನ ಮೈ ಉರಿಯಿತು. ಅವರು ಮಾತ್ರ, "ನಮ್ಮ ಮನ್ಯಾಗ ಒಬ್ಬ ಹೆಂಗಸು ಹೇಳಿದ ಮ್ಯಾಲೆನ ನನ್ನ ಕಣ್ಣು ತೆರದಾವು" ಎಂದು ಕಂದೀಲಿನ ಗಾಜು ಒರೆಸುತ್ತ ಕುಳಿತರು.

ಇನ್ನೊಂದು ಪ್ರಸಂಗ. ಮೂರು ನಾಲ್ಕು ವರ್ಷದ ನಂತರ ಒಂದು ಮಳೆಗಾಲ ಹೊಳೆ ಏರತೊಡಗಿತ್ತು. ನೀರು ನುಗ್ಗುವುದರೊಳಗೆ ಮಾಲು ತೆಗೆಯಬೇಕೆಂದು ಮಾಳದ ತುಂಬ ಗಡಿಬಿಡಿ. ಪಕ್ಕದ ಪೇವಿನ ತಂಡದವರು ಆಗಷ್ಟೇ ಕಲ್ಲು ಸರಿಸಿ ಒಬ್ಬ ಹುಡುಗಪ್ರಾಯದವನನ್ನು ಇಳಿಸಲು ಹೊರಟಿದ್ದರು. ಮುಕಾದಮರು ಮಳೆಯಲ್ಲಿ ಓಡಿಹೋಗಿ ಆ ಪೇವಿನ ಬಾಯಿಯ ಮೇಲೆ ಕುಳಿತುಬಿಟ್ಟರು. ಆ ತಂಡದ ಮುಕಾದಮ ಬೈದ, ತೋಳು ಹಿಡಿದು ಎಳೆದ. ಇವರು ಏಳಲಿಲ್ಲ. ಬೈಗುಳಕ್ಕೆ ಉತ್ತರ ಕೊಡಲಿಲ್ಲ. ಗದಗದ ನಡುಗುತ್ತಿದ್ದರು, ಮಳೆಗೋ ಹೆದರಿಕೆಗೋ ಹೇಳಲಾಗದು. "ಕಂದೀಲು ಇಳಸ್ರಿ, ಉಳದ್ರ ಏಳತೀನಿ. ನನ್ನ ತಮ್ಮಗ ಇಳಿಸಿದ್ದಿಲ್ಲ" ಎಂದಷ್ಟೇ ಹೇಳುತ್ತಿದ್ದರು. ಕೊನೆಗೆ ಬೇಸತ್ತು ಕೊಡೆ ಹಿಡಿದು ಕಂದೀಲು ಇಳಿಸಿದರು. ಅದು ಆರಿತು. ಬೈದವನು ನೆಲದ ಮೇಲೆ ಕುಳಿತ. ಆ ಪೇವಿಗೆ ನೀರು ನುಗ್ಗಿ ಮಾಲೆಲ್ಲ ಹೋಯಿತು. ಇಳಿಯಬೇಕಿದ್ದವನು ಮಾತ್ರ ಉಳಿದ. ಅವನ ತಾಯಿ ಮರುದಿನ ಒಂದು ಬುಟ್ಟಿ ಸಜ್ಜಕದ ಹೋಳಿಗೆ ತಂದು ಮುಕಾದಮರ ಮುಂದೆ ಇಟ್ಟಳು. ಹೊತ್ತು ಮುಳುಗಿತ್ತು, ಅವರು ತಿನ್ನುವಂತಿರಲಿಲ್ಲ. ಬುಟ್ಟಿಯನ್ನು ಹೆಗಲ ಮೇಲಿಟ್ಟುಕೊಂಡು ಸಮಡೋಳಿಗೆ ಒಯ್ದರು.

ಮನೆಯಲ್ಲೂ ಬದಲಾದರು. "ನಾ ಹೇಳಿದ್ದು ಆಗಬೇಕು" ಎನ್ನುತ್ತಿದ್ದವರು ಪ್ರತಿಯೊಂದಕ್ಕೂ "ನೀ ಏನಂತಿ?" ಎಂದು ಕೇಳತೊಡಗಿದರು. ಹೆಂಡತಿಗೆ ಮೊದಮೊದಲು ಇದು ಚೇಷ್ಟೆ ಎನಿಸಿತಂತೆ. ತಮ್ಮನ ಮಗಳನ್ನು ಶಾಲೆಗೆ ಹಾಕಬೇಕೆಂದು ಅವಳ ತಾಯಿ ಹೇಳಿದಾಗ, ಮೊದಲಿನ ಕಾಲವಾಗಿದ್ದರೆ ಮನೆ ನಡುಗುತ್ತಿತ್ತು. ಈಗ ತಾವೇ ಬೆರಳು ಹಿಡಿದು ಬಿಟ್ಟು ಬಂದರು. ಆ ಹುಡುಗಿ ಮರಾಠಿ ಅಕ್ಷರ ಓದುವುದನ್ನು ಅಂಗಡಿಗೆ ಬಂದಾಗಲೆಲ್ಲ ನನಗೆ ಹೇಳುತ್ತಿದ್ದರು.

ಸಂಸ್ಥಾನದ ಕೊನೆಯ ದಿನಗಳು. ಪೇಟೆಯಲ್ಲೆಲ್ಲ ರಾಜ್ಯ ಹೋಗುತ್ತದಂತೆ, ಮುಂದೆ ಏನೋ ಎಂಬ ಮಾತು. ಆ ಚಳಿಗಾಲದಲ್ಲಿ ಅವರಿಗೆ ಎದೆಯಲ್ಲಿ ಕಫ ಕಟ್ಟಿತು, ಜ್ವರ ಬಿಡಲಿಲ್ಲ. ನಾನು ಹೋಗಿ, ಮಿರಜಿನ ದವಾಖಾನೆಗೆ ಹೋಗೋಣ ಎಂದೆ. ಒಂದು ಮಾತೂ ಎದುರಾಡದೆ ಎದ್ದು ಕುಳಿತರು. ಹಾಸಿಗೆಯಲ್ಲಿ ಮಲಗಿ, ಬಿಳಿ ಸೀರೆಯ ನರ್ಸಬಾಯಿ ಕೊಟ್ಟ ಔಷಧವನ್ನು ಮಗುವಿನಂತೆ ಕುಡಿದರು. ಆದರೆ ವಯಸ್ಸಾಗಿತ್ತು. ಇಷ್ಟು ವರ್ಷ ಎಳೆದುಕೊಂಡ ಧೂಳು ಎದೆಯಲ್ಲಿ ಕುಳಿತಿತ್ತು.

ಒಂದು ಮಧ್ಯಾಹ್ನ ಅವರ ಪಕ್ಕ ನಾನೊಬ್ಬನೇ ಇದ್ದೆ. ಒಂಬತ್ತು ವರ್ಷ ನುಂಗಿಕೊಂಡಿದ್ದನ್ನು ಹೇಳಿದೆ. "ಕಾಕಾ, ಆ ದಿನ ನಾ ಕಂದೀಲು ಇಳಿಸ್ರಿ ಅಂತ ಗಟ್ಟಿಯಾಗಿ ಹೇಳಬೇಕಿತ್ತು. ಪೇವು ನಮ್ಮದಿತ್ತು. ನಾ ಬ್ಯಾಡ ಅಂದಿದ್ರ ನೀವು ಇಳಿಸ್ತಿದ್ದಿಲ್ಲ. ನೀವು ನಗ್ತೀರಿ ಅಂತ ಅಂಜಿದೆ. ಆಮ್ಯಾಲೆ ಎಲ್ಲಾರ ಜೋಡಿ ನಾನೂ ನಕ್ಕೆ." ಅವರು ಇನ್ನು ನನ್ನ ಮುಖ ನೋಡುವುದಿಲ್ಲವೇನೋ ಎಂದು ತಲೆ ತಗ್ಗಿಸಿ ಕುಳಿತೆ.

ಅವರು ಉಸಿರು ಕೂಡಿಸಿಕೊಂಡರು. "ಗೊತ್ತೈತಿ" ಎಂದರು. "ನೀ ನಗೂದು ನೋಡಿದ್ದೆ. ಕಣ್ಣಾಗ ನಗಿ ಇದ್ದಿಲ್ಲ." ಕೈ ಚಾಚಿ ನನ್ನ ಮಣಿಕಟ್ಟು ಹಿಡಿದರು. "ನೀ ಜೋರಲೆ ಹೇಳಿದ್ರೂ ಆ ದಿನ ನಾ ಕೇಳತಿದ್ದಿಲ್ಲ, ತಮ್ಮಾ. ಖರೇ ಹೇಳ್ತೀನಿ. ಆದ್ರ ಇನ್ನ ಮ್ಯಾಲೆ ಜೋರಲೆ ಹೇಳು."

ಎಂದೂ ನನ್ನನ್ನು 'ನೀವು' ಬಿಟ್ಟು ಮಾತಾಡಿಸದವರು ಆವತ್ತು 'ನೀ' ಎಂದರು, 'ತಮ್ಮಾ' ಎಂದರು. ಮೂರನೆಯ ದಿನ ಹೋದರು. ಸಮಡೋಳಿಯಲ್ಲಿ ದಹನವಾಯಿತು. ಮಾಳದ ಮುಕಾದಮರೆಲ್ಲ ಬಂದಿದ್ದರು, ಅವರನ್ನು ತೋಳು ಹಿಡಿದು ಎಳೆದವನೂ ಬಂದಿದ್ದ.

ಆ ಸುಗ್ಗಿಗೆ ನಮ್ಮ ಪೇವಿಗೆ ಹೊಸ ಮುಕಾದಮ ಬಂದ. ಒಳ್ಳೆಯ ಕೆಲಸಗಾರ, ಅವಸರದವನು. ಕಲ್ಲು ಸರಿಸಿ ಹೆಚ್ಚು ಹೊತ್ತಾಗಿರಲಿಲ್ಲ, ಒಬ್ಬ ಆಳು ಬಾಯಿಯ ಅಂಚಿಗೆ ಕುಳಿತು ಕಾಲು ಒಳಗೆ ಬಿಟ್ಟ. ನನ್ನ ಎದೆ ಹೊಡೆದುಕೊಳ್ಳತೊಡಗಿತು. ಬೇಡ ಎಂದೆ. ಮುಕಾದಮ ತಿರುಗಿ, "ಏನಂದ್ರಿ ಸಾವಕಾರ್ರ?" ಎಂದು ನಕ್ಕ. ಆಳುಗಳೂ ನಗಲು ಸಿದ್ಧವಾಗಿದ್ದರು. ನಾನು ಇನ್ನೊಮ್ಮೆ, ಇಡೀ ಮಾಳಕ್ಕೆ ಕೇಳುವಂತೆ, ಬೇಡ ಎಂದೆ. ಚಕ್ಕಡಿಯ ಎತ್ತುಗಳು ಕೊರಳು ತಿರುಗಿಸಿ ನೋಡಿದವು. ಆ ಆಳು ಕಾಲು ಮೇಲಕ್ಕೆ ಎಳೆದುಕೊಂಡು ಎದ್ದು ನಿಂತ.